ರಂಪಣಿ ಬಲೆಯ ಕಥೆ

ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ, ಮಳೆಯ ಅಬ್ಬರ ತಗ್ಗಿದ ಮೇಲೆ, ನಮ್ಮ ಕರಾವಳಿಯಲ್ಲಿ ಹಿಂದೆ ರಂಪಣಿ ಬಲೆ ಬೀಳುತ್ತಿತ್ತು. ಬಂಗುಡೆ, ಬೂತಾಯಿ ಹಿಂಡು ದಡದ ಹತ್ತಿರ ಬಂತೆಂದರೆ ದೋಣಿಯವರು ಅದರ ಸುತ್ತ ಬಲೆ ಬಿಡುವರು. ಹತ್ತಾರು ಜನ ಮರಳಲ್ಲಿ ನಿಂತು ಎರಡೂ ಕಡೆಯ ಹಗ್ಗ ಎಳೆಯುವರು. ಸಿಕ್ಕಿದ್ದರಲ್ಲಿ ಎಲ್ಲರಿಗೂ ಪಾಲು. ವಿಪರೀತ ಸಿಕ್ಕರೆ ಬಲೆಯೊಳಗೇ ಜೀವಂತ ತಡೆದಿಟ್ಟು, ಬೇಕಾದಷ್ಟೇ ತೆಗೆಯುತ್ತಿದ್ದರು. ಮಿಕ್ಕ ಬೂತಾಯಿ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು, ನೋಡಿ.

1970ರ ದಶಕದ ಕೊನೆಯ ಭಾಗದಲ್ಲಿ ಯಂತ್ರದೋಣಿಯ ಪರ್ಸೀನ್ ಬಲೆ ಹರಡಿತು. ಹಿಂಡು ದಡಕ್ಕೆ ಬರುವ ಮೊದಲೇ ಅದಕ್ಕೆ ಸಿಕ್ಕಿತು. ರಂಪಣಿ ಮೂಲೆ ಸೇರಿತು; ಹಗ್ಗ ಎಳೆಯುವ ಕೈಗಳಿಗೆ ಪಾಲು ತಪ್ಪಿತು. ಹೊಸ ಯಂತ್ರ ಬೇಡ ಅಂತಲ್ಲ. ತರುವ ಮುಂಚೆ, ಇದರಿಂದ ಯಾರ ಪಾಲು ಹೋಗುತ್ತೆ ಅಂತಲೂ ಲೆಕ್ಕ ಹಾಕಿ.