ಅಟ್ಟದ ಮೇಲಿನ ಕಚೇರಿ

ಬಂಗಾರಪೇಟೆಯ ನಮ್ಮ ಹಳೆಯ ಮನೆಗೆ ಬಂದುಹೋಗುತ್ತಿದ್ದ ವಿದ್ಯಾರ್ಥಿಗಳಿಗೆ ನಡುಮನೆಯ ಅಟ್ಟದ ನೆನಪಿರಬಹುದು. ಉತ್ತರಪತ್ರಿಕೆಗಳ ಕಟ್ಟನ್ನು ನಾನು ಅಲ್ಲಿಯೇ ಇಡುತ್ತೇನೆಂದು ನಿಮ್ಮಲ್ಲಿ ಕೆಲವರಿಗೆ ಗುಮಾನಿಯಿತ್ತು. ಗುಮಾನಿ ಸುಳ್ಳಲ್ಲ. ಆ ಅಟ್ಟವು 2020ರಲ್ಲಿ ಕಚೇರಿಯಾದ ಬಗೆಯನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಅಟ್ಟವೆಂಬುದು ಮನುಷ್ಯರು ಕೂರಲೆಂದು ಕಟ್ಟಿದ ಜಾಗವಲ್ಲ. ನಮ್ಮ ಸೀಮೆಯಲ್ಲಿ ಅದು ರಾಗಿ, ಹುಣಸೆಹಣ್ಣು, ಮದುವೆ ಮುಂಜಿಗಳಿಗೆ ಮಾತ್ರ ಕೆಳಗಿಳಿಯುವ ಹಿತ್ತಾಳೆಯ ಕೊಪ್ಪರಿಗೆ, ಇವುಗಳ ಮನೆ. ಸೌದೆಯ ಒಲೆಯ ಹೊಗೆ ಮೇಲೇರಿ ಧಾನ್ಯಕ್ಕೆ ಹುಳು ಹತ್ತದಂತೆ ಕಾಯುತ್ತಿತ್ತು. ಮೇಲೆ ಮಂಗಳೂರು ಹೆಂಚು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ತಯಾರಿಸತೊಡಗಿದ ಈ ಹೆಂಚು ಕ್ರಮೇಣ ಬಯಲುಸೀಮೆಯ ಸೂರುಗಳನ್ನೂ ಏರಿತು. ನಮ್ಮೂರಾದರೋ ರೈಲಿನಿಂದ ಬೆಳೆದ ಊರು. 1864ರಲ್ಲಿ ಬೆಂಗಳೂರು–ಜೋಲಾರಪೇಟೆ ಮಾರ್ಗವು ತೆರೆಯಿತು. ಕಮಿಷನರ್ ಬೌರಿಂಗರ ಹೆಸರಿನಿಂದ ಊರು ಬೌರಿಂಗ್‌ಪೇಟೆ ಎನಿಸಿತು. 1894ರಲ್ಲಿ ಇಲ್ಲಿಂದ ಮಾರಿಕುಪ್ಪಂವರೆಗೆ ಗಣಿಗಳಿಗಾಗಿ ಕವಲುಹಾದಿ ಬಂದಿತು.

ಆ ಕವಲಿನ ರೈಲಿನಲ್ಲಿಯೇ ನಮ್ಮ ತಂದೆಯವರು ಚಾಂಪಿಯನ್ ರೀಫ್ ಗಣಿಯ ಕಚೇರಿಗೆ ಗುಮಾಸ್ತರಾಗಿ ಹೋಗಿಬರುತ್ತಿದ್ದರು. ಕೆಲಸಕ್ಕೆ ಸೇರಿದ್ದು 1955ರಲ್ಲಿ. ಅವರು ಸಂಬಳದ ಒಂದು ಚೀಟಿಯನ್ನೂ ಎಸೆದವರಲ್ಲ. ಎಲ್ಲವೂ ಎರಡು ಕಬ್ಬಿಣದ ಟ್ರಂಕುಗಳಲ್ಲಿ ಅಟ್ಟ ಸೇರಿದವು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಆ ರೈಲು ದಿಕ್ಕು ಬದಲಿಸಿತೆಂದೇ ಹೇಳಬೇಕು. ಅಂದು ಬಂಗಾರಪೇಟೆಯಿಂದ ಗಣಿಗೆ ಕೆಲಸಕ್ಕೆ ಹೋಗುತ್ತಿದ್ದರು. ಇಂದು ಗಣಿಯೂರಿನ ಮಕ್ಕಳು ಸಾವಿರಗಟ್ಟಲೆ ಬೆಂಗಳೂರಿಗೆ ಹೋಗಿಬರುತ್ತಾರೆ. ನನ್ನ ತಮ್ಮನ ಮಗನೂ ಹಾಗೆಯೇ ಹೋಗುತ್ತಿದ್ದ. 2020ರ ಮಾರ್ಚ್ ಕೊನೆಯಲ್ಲಿ ರೈಲುಗಳು ನಿಂತವು. ಮನೆಯಿಂದಲೇ ಕೆಲಸ ಮಾಡೆಂದು ಕಂಪನಿಯವರು ಹೇಳಿದರು. ಮೊದಲೆರಡು ತಿಂಗಳು ದೇವರಮನೆಯ ಮೂಲೆಯಲ್ಲಿ ಕುಳಿತ. ಮೀಟಿಂಗಿನ ನಡುವೆ ಅವನ ಅಜ್ಜಿಯ ಗಂಟೆ ಬಾರಿಸುತ್ತಿತ್ತು. ಒಂದು ದಿನ ಬಂದು ಕೇಳಿದ: "ದೊಡ್ಡಪ್ಪಾ, ಅಟ್ಟ ಖಾಲಿ ಮಾಡಿ ಕೊಡ್ತೀರಾ? ಆ ಹಳೇ ಕಾಗದ ಎಲ್ಲಾ ರದ್ದಿಗೆ ಹಾಕಿಬಿಡೋಣ."

ರದ್ದಿಗೆ ಹಾಕುವ ಮೊದಲು ಒಮ್ಮೆ ನೋಡುವೆನೆಂದು ಟ್ರಂಕು ತೆರೆದೆ. ಮೂವತ್ತಮೂರು ವರ್ಷಗಳ ಚೀಟಿಗಳು, ತಿಂಗಳ ಕ್ರಮದಲ್ಲಿ, ದಾರ ಕಟ್ಟಿ. ಮೊದಲ ಕಟ್ಟು ಜಾನ್ ಟೇಲರ್ ಸಂಸ್ಥೆಯ ಆಡಳಿತದ ಕಾಲದ್ದು. 1956ರ ಕೊನೆಯಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ವಹಿಸಿಕೊಂಡಿತು. ಚೀಟಿಯ ತಲೆಬರಹ ಬದಲಾಯಿತು. 1962ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಕೈಗೆ, ಮತ್ತೆ ಬದಲು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ನಾನು ಈ ಇಸವಿಗಳನ್ನು ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೆ. ಅವು ನನ್ನ ತಲೆಯ ಮೇಲೆಯೇ ಇದ್ದವೆಂದು ತಿಳಿದಿರಲಿಲ್ಲ. ತಮ್ಮನ ಮಗನಿಗೆ "ಇದನ್ನು ಕೊಡಲಾರೆ" ಎಂದೆ. ಅವನ ಮುಖ ಸಪ್ಪಗಾಯಿತು. ಅವನ ಅನ್ನವೂ ಆಗ ಆ ಅಟ್ಟದ ಮೇಲೆಯೇ ನಿಂತಿತ್ತು. ಅದೂ ನನಗೆ ತಿಳಿಯದ್ದಲ್ಲ.

ಬಡಗಿಯು ಜೂನ್ ತಿಂಗಳಲ್ಲಿ ಬಂದು ಬಿಡಿಸಿದ ತೊಡಕು ಇದು. ಅವನು ತೊಲೆಗಳನ್ನು ಬಡಿದು ನೋಡಿ, "ಸಾರ್, ಮೂಟೆ ಹರಡಿ ಇಡೋಕೆ ಸರಿ, ನಡುಮಧ್ಯೆ ಭಾರ ಬೇಡಿ, ಗೋಡೆ ಮೇಲೆ ತೊಲೆ ಕೂತಿರೋ ಕಡೆ ಇಡಿ" ಎಂದ. ಅಲ್ಲಿ ಮಾಡು ತಗ್ಗು, ನಿಲ್ಲಲಾಗದು, ಕುರ್ಚಿಯೂ ಹಿಡಿಯದು. ಆಗ ಎರಡು ಟ್ರಂಕುಗಳನ್ನೇ ಗೋಡೆಯ ಮೇಲ್ಭಾಗಕ್ಕೆ ಸರಿಸಿ, ಅವುಗಳ ಮೇಲೆ ಹಳೆಯ ಬಾಗಿಲಿನ ಒಂದು ಹಲಗೆ ಹಾಕಿದೆವು. ಹಿಂದಿನ ಶಾನುಭೋಗರಂತೆ ಚಾಪೆಯ ಮೇಲೆ ಕುಳಿತು ಬರೆಯುವ ಎತ್ತರ ಸರಿಯಾಗಿ ಬಂದಿತು. ಕಾಗದಗಳೂ ಉಳಿದವು, ಮೇಜೂ ಆಯಿತು.

ಹೆಂಚಿನ ಕೆಳಗೆ ಹಲಗೆ ಹೊಡೆಸಿ ಅಂದವಾದ ಕೋಣೆ ಮಾಡೋಣವೆಂದು ಹುಡುಗನ ಆಸೆ. ಬಡಗಿ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಹೆಂಚು ಒಡೆದು ಸೋರಿದರೆ ಮರ ಕೊಳೆತ ಮೇಲೆಯೇ ತಿಳಿಯುವುದು. ಸಂದುಗಳಿಂದ ಹೊರಹೋಗುವ ಬಿಸಿಗಾಳಿಯೂ ಕಟ್ಟಿಕೊಳ್ಳುವುದು. ಬದಲಿಗೆ ಬಡಗಣ ಇಳಿಜಾರಿನಲ್ಲಿ ಎರಡು ಗಾಜಿನ ಹೆಂಚು ಹಾಕಿಸಿದೆವು. ಹೊರಗೆ ಸುಣ್ಣ ಬಳಿಸಿದೆವು. ಏಣಿಯ ತಲೆಗೆ ಕೊಕ್ಕೆ ಹಾಕಿ ತೊಲೆಗೆ ಬಿಗಿದೆವು. ಏಣಿಯ ಬಾಯಿಯ ಸುತ್ತ ಅಡ್ಡಕಟ್ಟು ಹಾಕಿಸಿದೆವು. ಮೀಟರಿನಿಂದ ಬೇರೆಯೇ ತಂತಿ ಎಳೆಸಿದೆವು. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಗಣಿಗಳಿಗೆ ವಿದ್ಯುತ್ತು ತಂದದ್ದು 1902ರ ಜೂನ್ 30ರಂದು. ಅಲ್ಲಿಂದ ಹತ್ತಾರು ಮೈಲಿಯೂ ಇಲ್ಲದ ನಮ್ಮ ಅಟ್ಟಕ್ಕೆ ದೀಪ ಬರಲು 118 ವರ್ಷ ಹಿಡಿಯಿತು!

ಹುಡುಗ ಈಗ ವಾರಕ್ಕೆ ಮೂರು ದಿನ ರೈಲಿನಲ್ಲಿ ಹೋಗುತ್ತಾನೆ. ಉಳಿದೆರಡು ದಿನ ಹಲಗೆ ಅವನದು, ಮಿಕ್ಕ ದಿನ ನನ್ನದು. ಚೀಟಿಗಳನ್ನು ಇಸವಿವಾರು ಪಟ್ಟಿ ಮಾಡುತ್ತಿದ್ದೇನೆ, 1967ರವರೆಗೆ ಬಂದಿದ್ದೇನೆ. ಗಂಟೆ ಹನ್ನೊಂದಾಯಿತು, ಹೆಂಚು ಕಾಯತೊಡಗಿದೆ, ಇನ್ನು ಇಳಿಯಬೇಕು.