ಜರ್ಮನ್ ಯುದ್ಧವಿಮಾನಗಳ ಮಾದರಿ: ಕೈಚಳಕದ ಮೋಹ, ಇತಿಹಾಸದ ಮುಜುಗರ

ಪ್ಲಾಸ್ಟಿಕ್ ಬಿಡಿಭಾಗಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಬಳಿದು ನೈಜ ವಿಮಾನದ ಕಿರು ಪ್ರತಿರೂಪ ಸಿದ್ಧಪಡಿಸುವ ಹವ್ಯಾಸಕ್ಕೆ 'ಸ್ಕೇಲ್ ಮಾಡೆಲಿಂಗ್' ಎಂದು ಹೆಸರು. 1/72, 1/48 ಮತ್ತು 1/32 ಇದರಲ್ಲಿ ಬಳಕೆಯಲ್ಲಿರುವ ಮುಖ್ಯ ಪ್ರಮಾಣಗಳು. ಸುಮಾರು ಹತ್ತು ಮೀಟರ್ ರೆಕ್ಕೆಯಗಲವಿದ್ದ ಮೆಸ್ಸರ್‌ಸ್ಮಿಟ್ ಬಿಎಫ್ 109 ವಿಮಾನವು 1/72 ಪ್ರಮಾಣದಲ್ಲಿ ಅಂಗೈಯಲ್ಲಿ ಕೂರುವಷ್ಟು, ಅಂದರೆ ಹದಿನಾಲ್ಕು ಸೆಂಟಿಮೀಟರಿನಷ್ಟು ಚಿಕ್ಕದಾಗುತ್ತದೆ.

ಈ ಹವ್ಯಾಸಿಗಳ ಲೋಕದಲ್ಲಿ ಎರಡನೇ ಮಹಾಯುದ್ಧದ ಜರ್ಮನ್ ವಾಯುಪಡೆ 'ಲುಫ್ಟ್‌ವಾಫೆ'ಗೆ ಇರುವ ಬೇಡಿಕೆ ಅಚ್ಚರಿ ಹುಟ್ಟಿಸುವಂಥದ್ದು. ಯುದ್ಧದಲ್ಲಿ ಸೋತ, ಅದೂ ಮನುಕುಲದ ಅತಿ ಹೀನ ಆಡಳಿತವೊಂದರ ಸೇವೆಯಲ್ಲಿದ್ದ ವಿಮಾನಗಳನ್ನು ಜಪಾನಿನ ತಮಿಯಾ, ಹಸೆಗಾವಾದಿಂದ ಹಿಡಿದು ಜೆಕ್ ಗಣರಾಜ್ಯದ ಎಡ್ವರ್ಡ್, ರಷ್ಯಾದ ಜ್ವೆಜ್ದಾದವರೆಗೆ ಎಲ್ಲ ಕಂಪನಿಗಳೂ ಅಚ್ಚು ಹಾಕಿವೆ. ಜರ್ಮನ್ ಆಕ್ರಮಣಕ್ಕೆ ತುತ್ತಾದ ದೇಶಗಳ ಕಂಪನಿಗಳೂ ಈ ಪಟ್ಟಿಯಲ್ಲಿವೆ. ಬ್ರಿಟನ್ನಿನ ಏರ್‌ಫಿಕ್ಸ್ ಸಂಸ್ಥೆಯನ್ನು 1939ರಲ್ಲಿ ಸ್ಥಾಪಿಸಿದ ನಿಕೋಲಸ್ ಕೋವ್ ಹಂಗೇರಿ ಮೂಲದ ಯಹೂದಿ. ಅದೇ ಸಂಸ್ಥೆಯ ಮಾದರಿಗಳ ಸಾಲಿನಲ್ಲಿ 1950ರ ದಶಕದಲ್ಲೇ ಸ್ಪಿಟ್‌ಫೈರ್ ಜೊತೆಗೆ ಬಿಎಫ್ 109 ಹಾಗೂ ಸ್ಟೂಕಾ ಬಾಂಬರ್ ಕೂಡ ಇದ್ದವು. ಸ್ಪಿಟ್‌ಫೈರ್ ಕೊಂಡ ಬಾಲಕನಿಗೆ ಎದುರಾಳಿಯೂ ಬೇಕಲ್ಲವೇ?

ಬಣ್ಣವೇ ಮೊದಲ ಆಕರ್ಷಣೆ

ಜರ್ಮನ್ ವಿಮಾನಗಳತ್ತ ಹವ್ಯಾಸಿಗಳನ್ನು ಸೆಳೆಯುವುದು ಬಹುಪಾಲು ಬಣ್ಣಗಾರಿಕೆ. ಜರ್ಮನ್ ವಾಯುಯಾನ ಸಚಿವಾಲಯವು ಪ್ರತಿ ಬಣ್ಣಕ್ಕೂ ಸಂಖ್ಯೆ ನೀಡಿತ್ತು. ಯುದ್ಧದ ನಡುಗಾಲದ ಫೈಟರ್‌ಗಳ ಬೆನ್ನ ಮೇಲೆ 74 ಮತ್ತು 75 ಸಂಖ್ಯೆಯ ಬೂದುಬಣ್ಣಗಳು, ಹೊಟ್ಟೆಗೆ 76ರ ತಿಳಿನೀಲಿ, ಪಕ್ಕಗಳಲ್ಲಿ ಮೋಡ ಕವಿದಂತೆ ಮಚ್ಚೆಗಳು. ಈ ಮಚ್ಚೆಗಳನ್ನು ಏರ್‌ಬ್ರಷ್‌ನಿಂದ ಮೂಡಿಸುವುದು ಹವ್ಯಾಸಿಯ ಕೈಚಳಕದ ಪರೀಕ್ಷೆಯೇ ಸರಿ. ಉತ್ತರ ಆಫ್ರಿಕಾದಲ್ಲಿ ಮರಳಿನ ಬಣ್ಣ, ರಷ್ಯಾದ ಚಳಿಗಾಲದಲ್ಲಿ ಹಸಿರಿನ ಮೇಲೆ ಬಳಿದ, ತೊಳೆದರೆ ಹೋಗುವ ಬಿಳಿಬಣ್ಣ, ಹಳದಿ ಮೂತಿ, ತುಕಡಿಗಳ ಲಾಂಛನ. ಒಂದೇ ವಿಮಾನವನ್ನು ಹತ್ತು ಬಾರಿ ಕಟ್ಟಿದರೂ ಹತ್ತೂ ಬೇರೆ ಬೇರೆ.

ವಿನ್ಯಾಸದ ವೈಚಿತ್ರ್ಯವೂ ಕಾರಣ. ಚಾಲಕನ ಕೋಣೆಯನ್ನು ಎಂಜಿನ್ನಿನಿಂದ ಪಕ್ಕಕ್ಕೆ ಸರಿಸಿದ ಅಸಮ ಆಕಾರದ ಬಿವಿ 141, ರಾಕೆಟ್ ಬಲದ ಎಂಇ 163, ಯುದ್ಧರಂಗಕ್ಕಿಳಿದ ಮೊದಲ ಜೆಟ್ ಫೈಟರ್ ಎಂಇ 262 ಇವೆಲ್ಲ ತಂತ್ರಜ್ಞಾನ ಪ್ರಿಯರ ಕುತೂಹಲ ಕೆರಳಿಸುತ್ತವೆ.

ಬಾಲದ ಮೇಲಿನ ಚಿಹ್ನೆ

ಮುಜುಗರ ಆರಂಭವಾಗುವುದು ವಿಮಾನದ ಬಾಲದಿಂದ. ಅಲ್ಲಿ ನಾಜಿ ಚಿಹ್ನೆಯಿತ್ತು. ಜರ್ಮನಿಯ ದಂಡಸಂಹಿತೆಯ 86ಎ ಕಲಮಿನನ್ವಯ ಇಂಥ ಚಿಹ್ನೆಗಳ ಸಾರ್ವಜನಿಕ ಪ್ರದರ್ಶನಕ್ಕೆ ಮೂರು ವರ್ಷದವರೆಗೆ ಸೆರೆವಾಸ ಅಥವಾ ದಂಡ ವಿಧಿಸಬಹುದು. ಕಲೆ, ಸಂಶೋಧನೆ, ಬೋಧನೆ ಮತ್ತು ಇತಿಹಾಸದ ವರದಿಗೆ ವಿನಾಯಿತಿಯಿದ್ದರೂ ಆಟಿಕೆ ಅಂಗಡಿಯ ಸರಕಿಗೆ ಅದನ್ನು ನೆಚ್ಚಿಕೊಳ್ಳಲು ತಯಾರಕರು ಸಿದ್ಧರಿಲ್ಲ. ಹೀಗಾಗಿ ಅನೇಕ ಪೆಟ್ಟಿಗೆಗಳ ಚಿತ್ರದಲ್ಲಿ ಬಾಲ ಬರಿದಾಗಿರುತ್ತದೆ. ನೀರಿನಲ್ಲಿ ನೆನೆಸಿ ಅಂಟಿಸುವ ಡೆಕಾಲ್ ಹಾಳೆಯಲ್ಲಿ ಚಿಹ್ನೆ ಇರುವುದೇ ಇಲ್ಲ, ಇಲ್ಲವೇ ಎರಡು ತುಂಡುಗಳಾಗಿ ಅಚ್ಚಾಗಿರುತ್ತದೆ. ಜೋಡಿಸುವುದು, ಬಿಡುವುದು ಕೊಂಡವನ ಆತ್ಮಸಾಕ್ಷಿಗೆ ಬಿಟ್ಟದ್ದು.

ಗೃಹಪ್ರವೇಶದಂದು ಬಾಗಿಲಿಗೆ ಸ್ವಸ್ತಿಕ ಬರೆಯುವ ನಾಡಿನವರಿಗೆ ಈ ಗೊಂದಲ ವಿಚಿತ್ರವೆನಿಸಬಹುದು. ಜರ್ಮನ್ನರು ಅದನ್ನು 'ಹಾಕೆನ್‌ಕ್ರೋಯ್ಟ್ಸ್', ಅಂದರೆ ಕೊಕ್ಕೆ ಶಿಲುಬೆ ಎಂದು ಕರೆದರು. ಫಿನ್ಲೆಂಡಿನ ವಾಯುಪಡೆ ನಾಜಿ ಪಕ್ಷ ಹುಟ್ಟುವ ಮೊದಲೇ, 1918ರಿಂದ, ನೀಲಿ ಸ್ವಸ್ತಿಕ ಬಳಸುತ್ತಿತ್ತು.

ಆದರೆ ಚಿಹ್ನೆಯನ್ನು ಕತ್ತರಿಸಿದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಎಂಇ 262ರ ನಯವಾದ ಒಡಲನ್ನು ನಿರ್ಮಿಸಿದ್ದು ಆಸ್ಟ್ರಿಯಾದ ಗೂಸೆನ್ ಯಾತನಾ ಶಿಬಿರದ ಕೈದಿಗಳು. ಸೇಂಟ್ ಜಾರ್ಜೆನ್ ಬಳಿ ಅವರಿಂದಲೇ ಕೊರೆಸಿದ ಸುರಂಗಗಳಲ್ಲಿ ಈ ಕಾರ್ಖಾನೆ ನಡೆಯಿತು. ಸಾವಿರಾರು ಮಂದಿ ಸತ್ತರು. ಬಿಎಫ್ 109ರ ಭಾಗಗಳನ್ನು ಫ್ಲೋಸೆನ್‌ಬುರ್ಗ್ ಶಿಬಿರದ ಕೈದಿಗಳಿಂದ ಮಾಡಿಸಲಾಯಿತು. ಸ್ಪೇನಿನ ಗೆರ್ನಿಕಾ ಪಟ್ಟಣವನ್ನು 1937ರ ಏಪ್ರಿಲ್ 26ರಂದು ಸುಟ್ಟದ್ದು ಜರ್ಮನಿಯ 'ಕಾಂಡೊರ್ ಲೀಜನ್' ಮತ್ತು ಇಟಲಿಯ ವಿಮಾನಗಳು. 'ರಾಜಕೀಯಕ್ಕೆ ಸೇರದ ವೀರ ಪೈಲಟ್' ಎಂಬ ಕಥನ ಮಾದರಿ ಪೆಟ್ಟಿಗೆಗಳ ಮೇಲೆ ಇಂದಿಗೂ ಬಾಳಿಕೊಂಡಿದೆ. ಜರ್ಮನಿ ಮಾತ್ರ ಅದನ್ನು ಪ್ರಶ್ನಿಸಿತು. ಲೀಜನ್ ಸದಸ್ಯರಿಗೆ ಸೇನೆಯಲ್ಲಿ ಗೌರವ ಸಲ್ಲಬಾರದೆಂದು 1998ರಲ್ಲಿ ಅಲ್ಲಿನ ಸಂಸತ್ತು ನಿರ್ಣಯಿಸಿತು. ಅದರಂತೆ 2005ರಲ್ಲಿ ಖ್ಯಾತ ಪೈಲಟ್ ವೆರ್ನರ್ ಮೋಲ್ಡರ್ಸ್ ಹೆಸರನ್ನು ವಾಯುಪಡೆಯ ತುಕಡಿಯೊಂದರಿಂದ ತೆಗೆಯಲಾಯಿತು.

ಡ್ರೆಸ್ಡೆನ್ ನಗರವನ್ನು ಸುಟ್ಟ ಬ್ರಿಟನ್ನಿನ ಲ್ಯಾಂಕಾಸ್ಟರ್, ಹಿರೋಷಿಮಾಕ್ಕೆ ಅಣುಬಾಂಬ್ ಒಯ್ದ ಅಮೆರಿಕದ ಬಿ-29 ಮಾದರಿ ಕಟ್ಟುವಾಗ ಇಲ್ಲದ ಅಳುಕು ಇಲ್ಲೇಕೆ ಎಂಬ ವಾದ ಆಗಾಗ ಕೇಳಿಬರುತ್ತದೆ. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಅದು ಗೂಸೆನ್ ಸುರಂಗಕ್ಕೆ ಉತ್ತರವಾಗದು.

ಬೆಂಗಳೂರಿನ ನಂಟು

ಈ ಇತಿಹಾಸದ ಎಳೆಯೊಂದು ಬೆಂಗಳೂರಿಗೂ ಬಂದು ಸೇರುತ್ತದೆ. ಬಿಎಫ್ 109ರಷ್ಟೇ ಜನಪ್ರಿಯ ಮಾದರಿಯಾದ ಫೊಕೆ-ವುಲ್ಫ್ 190ರ ವಿನ್ಯಾಸಕ ಕುರ್ಟ್ ಟ್ಯಾಂಕ್ ಯುದ್ಧಾನಂತರ ಅರ್ಜೆಂಟೀನಾಕ್ಕೆ ತೆರಳಿ, 1956ರಲ್ಲಿ ಭಾರತಕ್ಕೆ ಬಂದರು. ಎಚ್‌ಎಎಲ್‌ನಲ್ಲಿ ಅವರ ನೇತೃತ್ವದಲ್ಲಿ ರೂಪುಗೊಂಡದ್ದೇ ಎಚ್‌ಎಫ್-24 ಮಾರುತ್, ಭಾರತದಲ್ಲಿ ವಿನ್ಯಾಸಗೊಂಡ ಮೊದಲ ಜೆಟ್ ಯುದ್ಧವಿಮಾನ. 1961ರ ಜೂನ್ 17ರಂದು ಸುರಂಜನ್ ದಾಸ್ ಬೆಂಗಳೂರಿನಲ್ಲಿ ಅದನ್ನು ಮೊದಲ ಬಾರಿ ಹಾರಿಸಿದರು. ಒಟ್ಟು 147 ಮಾರುತ್‌ಗಳು ತಯಾರಾಗಿ, 1971ರ ಯುದ್ಧದಲ್ಲಿ ಪಾಲ್ಗೊಂಡವು. ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತ್ ನೋಡಲು ಸಿಗುತ್ತದೆ. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರಲ್ಲಿ ಟ್ಯಾಂಕ್ ಹಿನ್ನೆಲೆ ಬಲ್ಲವರು ವಿರಳ.

ಹವ್ಯಾಸಿಗಳು ಕಂಡುಕೊಂಡ ದಾರಿಗಳು ಹಲವು. ಇತಿಹಾಸಕ್ಕೆ ನಿಷ್ಠೆಯೆಂದು ಚಿಹ್ನೆಯನ್ನು ಅಂಟಿಸುವವರಿದ್ದಾರೆ, ಬಾಲವನ್ನು ಖಾಲಿ ಬಿಡುವವರಿದ್ದಾರೆ. ಬ್ರಿಟಿಷರು ಸೆರೆಹಿಡಿದು ತಮ್ಮ ಗುರುತು ಬಳಿದ ವಿಮಾನವನ್ನೋ, ತಟಸ್ಥ ಸ್ವಿಟ್ಜರ್ಲೆಂಡ್ ಖರೀದಿಸಿದ್ದ ಬಿಎಫ್ 109 ಅನ್ನೋ ಆರಿಸಿಕೊಳ್ಳುವವರೂ ಉಂಟು. ಇನ್ನೂ ಒಂದು ಆಯ್ಕೆಯಿದೆ. ಯುದ್ಧದ ಬಳಿಕ ಜೆಕೊಸ್ಲೊವಾಕಿಯಾ ಬಿಎಫ್ 109ರ ಒಡಲಿಗೆ ಬೇರೆ ಎಂಜಿನ್ ಕೂರಿಸಿ ಏವಿಯಾ ಎಸ್-199 ಎಂಬ ವಿಮಾನ ತಯಾರಿಸಿತು. ಅದನ್ನು ಕೊಂಡ ಹೊಸ ರಾಷ್ಟ್ರವೊಂದರ ಪೈಲಟ್‌ಗಳು 1948ರ ಮೇ 29ರಂದು ಅಶ್ದೋದ್ ಬಳಿ ಈಜಿಪ್ಟ್ ಸೇನೆಯ ಮೇಲೆ ದಾಳಿ ನಡೆಸಿದರು. ಆ ವಿಮಾನಗಳ ಮೇಲಿದ್ದದ್ದು ಯಹೂದಿಗಳ ಆರು ಮೂಲೆಯ ದಾವೀದನ ನಕ್ಷತ್ರ. ಇಸ್ರೇಲ್ ವಾಯುಪಡೆಯ ಮೊದಲ ಫೈಟರ್ ಅದೇ ಆಗಿತ್ತು.