ಕಟ್ಟಿದವರು ಕಾಣದ ಗೋಪುರ



ಆಗಸ್ಟ್ 15 ನಮಗೆ ಇಮ್ಮಡಿ ಸಂಭ್ರಮದ ದಿನ. ದೇಶದ ಸ್ವಾತಂತ್ರ್ಯೋತ್ಸವದ ಜೊತೆಗೆ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಮಹೋತ್ಸವವನ್ನೂ ಆಚರಿಸುತ್ತೇವೆ. ಅಂದಿನ ಬಲಿಪೂಜೆಯ ಶುಭಸಂದೇಶದಲ್ಲಿ ಕೇಳುವ ಮರಿಯಮ್ಮನವರ ಸ್ತುತಿಗೀತೆ, ದೇವರ ಕರುಣೆ ಒಂದು ತಲೆಮಾರಿಗೆ ಮುಗಿಯುವಂಥದ್ದಲ್ಲ ಎಂದು ಸಾರುತ್ತದೆ. ಇದೇ ಹಬ್ಬದ ದಿನ ಆರಂಭವಾಗಿ, ಇಪ್ಪತ್ತು ತಲೆಮಾರುಗಳನ್ನು ದಾಟಿ ಪೂರ್ಣಗೊಂಡ ದೇವಾಲಯವೊಂದರ ಚರಿತ್ರೆಯನ್ನು ನಾವು ಇಂದು ಧ್ಯಾನಿಸೋಣ.

ಜರ್ಮನಿಯ ಕಲೋನ್ ನಗರಕ್ಕೆ 1164ರಲ್ಲಿ ಮಹಾಧರ್ಮಾಧ್ಯಕ್ಷ ರೈನಾಲ್ಡರು ಮಿಲಾನಿನಿಂದ ಮೂರು ರಾಯರದೆಂದು ನಂಬಲಾದ ಪೂಜ್ಯ ಅವಶೇಷಗಳನ್ನು ತಂದರು. ಯಾತ್ರಿಕರು ಹರಿದುಬಂದರು, ಹಳೆಯ ದೇವಾಲಯ ಸಾಲದಾಯಿತು. 1248ರಲ್ಲಿ ಅದು ಬೆಂಕಿಗೆ ತುತ್ತಾಯಿತು. ಅದೇ ವರ್ಷ ಆಗಸ್ಟ್ 15ರಂದು ಮಹಾಧರ್ಮಾಧ್ಯಕ್ಷ ಕೊನ್ರಾಡರು ಹೊಸ ಪ್ರಧಾನಾಲಯಕ್ಕೆ ಅಡಿಗಲ್ಲಿಟ್ಟರು. ಗೆರ್ಹಾರ್ಡ್ ಎಂಬವರು ಅದರ ಮೊದಲ ಶಿಲ್ಪಾಚಾರ್ಯರು.

ಬಲಿಪೀಠದ ಭಾಗದ ಪ್ರತಿಷ್ಠಾಪನೆ ನಡೆದದ್ದು 1322ರಲ್ಲಿ, ಅಂದರೆ 74 ವರ್ಷಗಳ ನಂತರ. ಅಡಿಗಲ್ಲು ಇಟ್ಟವರು ಅಷ್ಟರಲ್ಲಿ ಮಣ್ಣು ಸೇರಿದ್ದರು. ಮಕ್ಕಳು, ಮೊಮ್ಮಕ್ಕಳು ಕೆಲಸ ಮುಂದುವರಿಸಿದರು. ಆದರೆ ಧರ್ಮಸಭೆಯ ಒಡಕಿನ ಆ ಕಾಲದಲ್ಲಿ ಹಣ ಕಡಿಮೆಯಾಯಿತು, ಉತ್ಸಾಹ ಕುಂದಿತು. 1560ರಲ್ಲಿ ಕೆಲಸ ನಿಂತೇಹೋಯಿತು. ದಕ್ಷಿಣ ಗೋಪುರ ಅರ್ಧ ಎತ್ತರವನ್ನೂ ಮುಟ್ಟಿರಲಿಲ್ಲ. ಅದರ ನೆತ್ತಿಯ ಮೇಲೆ ಕಲ್ಲೆತ್ತುವ ಮರದ ಯಂತ್ರವೊಂದು ಮುಂದಿನ ಮುನ್ನೂರು ವರ್ಷ ಹಾಗೆಯೇ ನಿಂತಿತ್ತು. 1794ರಲ್ಲಿ ಬಂದ ಫ್ರೆಂಚ್ ಸೈನಿಕರು ದೇವಾಲಯವನ್ನು ಉಗ್ರಾಣ ಮಾಡಿಕೊಂಡರು.

ಹಾಗಾದರೆ ಕೆಲಸ ಮತ್ತೆ ಆರಂಭವಾದದ್ದು ಹೇಗೆ? ಹಿಂದಿನವರು ಚರ್ಮದ ಹಾಳೆಯ ಮೇಲೆ ಬರೆದ, ನಾಲ್ಕು ಮೀಟರಿಗೂ ಉದ್ದದ ಮುಂಭಾಗದ ನಕ್ಷೆ ಎರಡು ತುಂಡಾಗಿಯೂ ಉಳಿದಿತ್ತು. ಅರ್ಧ 1814ರಲ್ಲಿ ಡಾರ್ಮ್‌ಸ್ಟಾಟ್ ಊರಲ್ಲಿ, ಇನ್ನರ್ಧ 1816ರಲ್ಲಿ ಪ್ಯಾರಿಸ್ಸಿನಲ್ಲಿ ಸಿಕ್ಕಿತು. 1842ರಲ್ಲಿ ಪ್ರಶ್ಯದ ಅರಸ ಪ್ರೊಟೆಸ್ಟೆಂಟ್ ಆಗಿದ್ದರೂ ಹೊಸ ಅಡಿಗಲ್ಲಿಟ್ಟ. ನಾಗರಿಕರು ಸಂಘ ಕಟ್ಟಿ ವೆಚ್ಚದ ದೊಡ್ಡ ಪಾಲನ್ನು ಕೂಡಿಸಿದರು. 1880ರಲ್ಲಿ, 632 ವರ್ಷಗಳ ನಂತರ, 157 ಮೀಟರ್ ಎತ್ತರದ ಅವಳಿ ಗೋಪುರಗಳು ಹಳೆಯ ನಕ್ಷೆಯಂತೆಯೇ ತಲೆ ಎತ್ತಿದವು. ಸರ್ಕಾರ ಮತ್ತು ಧರ್ಮಸಭೆಯ ಸಂಘರ್ಷದಿಂದ ದೇಶಭ್ರಷ್ಟರಾಗಿದ್ದ ಮಹಾಧರ್ಮಾಧ್ಯಕ್ಷ ಮೆಲ್ಖರ್ಸರಿಗೆ ಮಾತ್ರ ಆ ಸಂಭ್ರಮವನ್ನು ಕಾಣುವ ಭಾಗ್ಯ ಇರಲಿಲ್ಲ.

ಪವಿತ್ರ ಬೈಬಲಿನಲ್ಲಿ ದಾವೀದ ಅರಸನ ಕಥೆಯೂ ಹೀಗೆಯೇ ಇದೆ. ದೇವಾಲಯ ಕಟ್ಟುವ ಭಾಗ್ಯ ಅವನದಾಗಲಿಲ್ಲ. ಅವನು ಮುನಿಸಿಕೊಳ್ಳದೆ ದೇವದಾರು ಮರ, ಕಬ್ಬಿಣ, ಕಂಚು ಎಲ್ಲವನ್ನೂ ಕೂಡಿಹಾಕಿ ಮಗ ಸೊಲೊಮೋನನಿಗೆ ಒಪ್ಪಿಸಿದ. ಯೇಸುಸ್ವಾಮಿ ಮೆಚ್ಚಿದ ನಂಬಿಗಸ್ತ ಮೇಲ್ವಿಚಾರಕನೂ ಇಂಥವನೇ. ಮನೆ ತನ್ನದಲ್ಲವೆಂದು ಬಲ್ಲ, ಆದರೂ ಮನೆಯವರಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಾನೆ.

ಪ್ರಿಯರೇ, ನಾವು ಇಂದು ಮೊಣಕಾಲೂರುವ ದೇವಾಲಯಗಳನ್ನು ಎಷ್ಟೋ ಊರುಗಳಲ್ಲಿ ಕಟ್ಟಿದವರು ನಮ್ಮ ಅಜ್ಜ, ಮುತ್ತಜ್ಜಂದಿರು. ನಾವು ಕುಡಿಯುವ ಬಾವಿಯ ನೀರು, ಉಣ್ಣುವ ತೆಂಗು, ಮಾವು ಅವರ ಬೆವರಿನ ಫಲ. ಅದನ್ನೆಲ್ಲ ನಮ್ಮ ಕಾಲದಲ್ಲೇ ಬರಿದುಮಾಡಿದರೆ ಮೊಮ್ಮಕ್ಕಳಿಗೆ ಏನು ಹೇಳೋಣ?

ಎಲ್ಲವನ್ನೂ ನಾವೇ ಮುಗಿಸಬೇಕಾಗಿಲ್ಲ. ಕಲೋನಿನಲ್ಲಿ ಕೆಲಸ ನಿಂತಾಗಲೂ ನಕ್ಷೆ ಉಳಿಯಿತು. ಅದೇ ಮುಂದಿನವರ ಕೈ ಹಿಡಿಯಿತು. ನಮ್ಮ ಮನೆಯ ನಕ್ಷೆ ಯಾವುದು? ಸಂಜೆಯ ಜಪಸರ, ಮಕ್ಕಳಿಗೆ ಕಲಿಸಿದ ಪ್ರಾರ್ಥನೆ, ಜೋಪಾನ ಮಾಡಿದ ಧರ್ಮಕೇಂದ್ರದ ದಾಖಲೆ ಪುಸ್ತಕಗಳು, ಮಾರದೆ ಉಳಿಸಿದ ತುಂಡು ಭೂಮಿ, ಹಬ್ಬದ ದಿನ ನೆಟ್ಟ ಒಂದು ಸಸಿ. ಕಟ್ಟಿ ಮುಗಿಸಿದರೂ ಕಾಯುವ ಕೆಲಸ ಮುಗಿಯದು. ಎರಡನೇ ಮಹಾಯುದ್ಧದಲ್ಲಿ ಹಲವು ಬಾಂಬುಗಳ ಪೆಟ್ಟು ತಿಂದ ಆ ಪ್ರಧಾನಾಲಯದಲ್ಲಿ ಇಂದಿಗೂ ಕಲ್ಲುಕುಟಿಗರು ಸವೆದ ಕಲ್ಲುಗಳನ್ನು ಬದಲಿಸುತ್ತಲೇ ಇದ್ದಾರೆ.

ನಾವು ಕಾಣದ ಗೋಪುರಕ್ಕೂ ಇಂದು ಒಂದು ಕಲ್ಲು ಇಡುವ ಮನಸ್ಸನ್ನು ಮಾತೆ ಮರಿಯಮ್ಮನವರು ನಮಗೆ ಬೇಡಿ ಕೊಡಿಸಲಿ. ಆಮೆನ್.